ನಾನು ಓದಿದ ಎರಡು ಸಾಲು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕು ಎದ್ದು ಹೋಗುತ್ತಿದ್ದೆ. ಆಳಂದದಲ್ಲಿ ನಾಲ್ಕು ಪುಟದ ವಾರಪತ್ರಿಕೆ ನಡೆಸುತ್ತಿದ್ದವನು ನಾನು. ದೆವ್ವ, ಶಕುನ, ಮೈಮೇಲೆ ಬರುವ ದೇವರು, ಎಲ್ಲವನ್ನೂ ಮನಸಾರೆ ಗೇಲಿ ಮಾಡಿ ಬರೆದು ಊರ ಹಿರಿಯರಿಂದ ಬೈಸಿಕೊಂಡವನು. ಹಾಗಾಗಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಇರಲೂ ಆಗುತ್ತಿಲ್ಲ.

ಅದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ವರ್ಷ. ಅದಕ್ಕೆ ಕೆಲವು ತಿಂಗಳ ಮುಂಚೆ ಹೈದರಾಬಾದಿನ ಗೆಳೆಯನೊಬ್ಬ ನನಗೆ ಹಳೆಯ ಕಂಪ್ಯೂಟರನ್ನೂ ಅದನ್ನು ಫೋನಿಗೆ ಜೋಡಿಸುವ ಮೋಡೆಮ್ ಎಂಬ ಡಬ್ಬಿಯನ್ನೂ ಕೊಟ್ಟಿದ್ದ. ಅವನ ಮನೆಯ ಕಂಪ್ಯೂಟರಿನಲ್ಲಿ ಒಂದು ಬುಲೆಟಿನ್ ಬೋರ್ಡ್ ಇತ್ತು. ಬೇರೆ ಬೇರೆ ಊರಿನವರು ಫೋನ್ ಮೂಲಕ ಅದರೊಳಗೆ ದೇಶವಿದೇಶದ ರಾಜಕೀಯ ಸುದ್ದಿ ಬರೆದಿಡುತ್ತಿದ್ದರು, ಉಳಿದವರು ಓದಿಕೊಳ್ಳುತ್ತಿದ್ದರು. ಬೆಳಗಿನ ಆರರೊಳಗೆ ಎಸ್‌ಟಿಡಿ ಅಗ್ಗವಾದ್ದರಿಂದ ನಾನು ನಸುಕಿನಲ್ಲೇ ಅದರ ಮುಂದೆ ಕೂಡುತ್ತಿದ್ದೆ. ನಮ್ಮ ಲೈನಿನ ಹಣೆಬರಹ ಕೇಳಬೇಡಿ, ಅಕ್ಷರಗಳ ನಡುನಡುವೆ ಅರ್ಥವಿಲ್ಲದ ಗುರುತುಗಳ ಕಸ ಸೇರಿಕೊಂಡು ಬರುತ್ತಿತ್ತು. ಅರ್ಧ ಬಂದ ಮಾತನ್ನು ಅಂದಾಜಿನಿಂದ ಪೂರ್ತಿ ಮಾಡಿ, ಇಂಗ್ಲಿಷನ್ನು ಅಲ್ಲೇ ಕನ್ನಡಕ್ಕಿಳಿಸುವುದು ನನಗೆ ರೂಢಿಯಾಗಿಹೋಗಿತ್ತು. ಬಾಗ್ದಾದಿನ ಸುದ್ದಿ ಕಲಬುರ್ಗಿಯ ದಿನಪತ್ರಿಕೆಗಳಿಗಿಂತ ಮೊದಲು ನನಗೆ ಬರುತ್ತದೆಂದು ಎದೆಯುಬ್ಬಿಸಿ ತಿರುಗುತ್ತಿದ್ದೆ.

ಆ ಜಂಬದ ಮಾತು ನಮ್ಮ ತಾಲೂಕಿನದೇ ಹಳ್ಳಿಯಾದ ನರೋಣಾದ ಮಹಬೂಬಸಾಬರ ಕಿವಿಗೂ ಬಿದ್ದಿತ್ತು. ಅವರ ಮಗ ಹನೀಫ ಕುವೈತಿನಲ್ಲಿ ಲಾರಿ ಓಡಿಸುತ್ತಿದ್ದ. ಬೇಸಿಗೆಯಲ್ಲಿ ಊರಿಗೆ ಬಂದು ಮದುವೆಯಾಗಿ, ಜುಲೈಯಲ್ಲಿ ಮರಳಿ ಹೋದವನು. ಯುದ್ಧ ಶುರುವಾದ ಮೇಲೆ ಅಲ್ಲಿಂದ ತಪ್ಪಿಸಿಕೊಂಡು ಬಂದ ಅಫಜಲಪುರದವರೊಬ್ಬರು, ಮರುಭೂಮಿಯ ದಾರಿಯಲ್ಲಿ ಹನೀಫನ ಲಾರಿ ಸುಟ್ಟು ಬಿದ್ದದ್ದನ್ನು ಕಂಡೆ ಎಂದು ಹೇಳಿದ್ದರು. ಶುಕ್ರವಾರ ಮಸೀದಿಯಲ್ಲಿ ಸತ್ತವನ ಹೆಸರಿನಲ್ಲಿ ನಮಾಜು ಮಾಡಿ, ಹೆಂಡತಿ ಶಮಶಾದಳ ಕರಿಮಣಿ, ಬಳೆ ತೆಗೆಸುವುದೆಂದು ಹಿರಿಯರು ತೀರ್ಮಾನಿಸಿದ್ದರು. ಗುರುವಾರ ನಸುಕಿನಲ್ಲಿ ಮಹಬೂಬಸಾಬರು ಸೊಸೆಯನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬಂದರು.

“ನಾಳಿ ಈಕಿ ಬಳಿ ತೆಗಸಬೇಕಂತಾರ್ರಿ ಸರ. ನಿಮ್ಮ ಮಷಿನ್‌ದಾಗ ಏನರ ಬಂದದೇನು, ಒಮ್ಮಿ ನೋಡ್ರಿ.”

“ಇದರಾಗ ಮಂದಿ ಹೆಸರು ಬರೂದಿಲ್ರಿ ಸಾಬ್ರ, ಬರೇ ರಾಜಕೀಯ ಬರ್ತದ” ಎಂದೆ. ಆದರೂ ಅವರ ಮುಖ ನೋಡಲಾಗದೆ ಲೈನು ಜೋಡಿಸಿದೆ. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಬಳೆಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ತೆರೆಯ ಮೇಲೆ ವಿಶ್ವಸಂಸ್ಥೆಯ ಸಭೆಯ ವರದಿ ಒಂದೊಂದೇ ಅಕ್ಷರವಾಗಿ ಮೂಡತೊಡಗಿತು. ಅವರಿಗೂ ಕೇಳಲಿ ಎಂದು ನಾನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತ ಹೋದೆ. ನಡುವೆ ಲೈನು ಕೆಟ್ಟು ಒಂದಿಷ್ಟು ಕಸ ಬಂತು. ಆ ಕಸದೊಳಗಿಂದಲೇ ನಾನು ಓದಿದ್ದು ಹೀಗೆ: ನಾನು ನರೋಣಾದ ಹನೀಫ, ಬದುಕಿದ್ದೇನೆ. ಹುಟ್ಟುವ ಮಗುವಿಗೆ ನಾನು ಬರುವತನಕ ಹೆಸರು ಇಡಬೇಡವೆಂದು ನನ್ನ ಹೆಂಡತಿಗೆ ತಿಳಿಸಿ.

ಎಲ್ಲೋ ತಪ್ಪಾಯಿತೆಂದು ಅನ್ನಿಸಿ ನಾನೇ ತಿರುಗಿ ಕೇಳಿದೆ, “ನಿಮ್ಮ ಸೊಸಿ ಬಸುರಿ ಇದ್ದಾಳೇನ್ರಿ?”

“ಇಲ್ರಿ ಸರ” ಎಂದರು ಮಹಬೂಬಸಾಬರು.

ಶಮಶಾದ ಗೋಡೆ ಬಿಟ್ಟು ಮಾವನ ಹತ್ತಿರ ಬಂದಳು. “ಎರಡು ತಿಂಗಳಾತ್ರಿ ಅಬ್ಬಾ. ನಾ ಯಾರ ಮುಂದೂ ಹೇಳಿಲ್ಲ. ಅವರಿಗೂ ಕಾಗದ ಬರದು ತಿಳಿಸಿಲ್ಲ.”

ಮುದುಕ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಶುಕ್ರವಾರದ ನಮಾಜು ನಿಂತಿತು, ಬಳೆ ಉಳಿದವು. ನರೋಣಾದಲ್ಲಿ ಸಂಜೆ ಮನೆಮನೆಗೆ ಸಕ್ಕರೆ ಹಂಚಿದರಂತೆ.

ಅವರು ಹೋದ ಮೇಲೆ, ಕಂಪ್ಯೂಟರಿನಲ್ಲಿ ಉಳಿದಿದ್ದ ಪ್ರತಿಯನ್ನು ಕಾಗದಕ್ಕಿಳಿಸಿದೆ. ಆ ಜಾಗದಲ್ಲಿ ಎರಡು ಸಾಲು ಕಸವಿತ್ತು, ಅಷ್ಟೇ. ಹನೀಫನ ಹೆಸರಿರಲಿ, ನೆಟ್ಟಗೆ ಓದಬಹುದಾದ ಒಂದು ಪದವೂ ಇರಲಿಲ್ಲ. ಹೈದರಾಬಾದಿಗೆ ಫೋನು ಮಾಡಿದೆ. ಗೆಳೆಯ ತನ್ನ ಬೋರ್ಡನ್ನು ಸಾಲು ಸಾಲು ನೋಡಿ, ಅಲ್ಲಿರುವುದು ಸಭೆಯ ವರದಿ ಮಾತ್ರ, ನೀನು ನಿದ್ದೆಗಣ್ಣಿನಲ್ಲಿ ಓದಿದ್ದೀಯ ಎಂದು ನಕ್ಕ.

ನನಗೆ ನಗು ಬರಲಿಲ್ಲ. ಅದೇ ದಿನ ನರೋಣಾಕ್ಕೆ ಹೋಗಿ ನಿಜ ಹೇಳಬೇಕಾಗಿತ್ತು. ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋದೆ, ಎರಡು ಸಲವೂ ಮನೆಗೆ ಮರಳಿದೆ. ಊರಿಗೆಲ್ಲ ಬುದ್ಧಿ ಹೇಳುವ ನನಗೆ ಆ ಹುಡುಗಿಯ ಮುಂದೆ ನಿಲ್ಲುವ ಧೈರ್ಯವಿರಲಿಲ್ಲ. ನಾಳೆ ಹನೀಫನೇ ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ತಿಂಗಳು ಮೋಡೆಮನ್ನು ಗೆಳೆಯನಿಗೆ ಮರಳಿಸಿದೆ.

ಹನೀಫ ಬರಲಿಲ್ಲ. ಹೆಣವೂ ಬರಲಿಲ್ಲ, ಕಾಗದವೂ ಬರಲಿಲ್ಲ. ಹೆಣ್ಣುಮಗು ಹುಟ್ಟಿದೆಯೆಂದೂ, ಎಲ್ಲರೂ ಅದನ್ನು ಮುನ್ನಿ ಎಂದಷ್ಟೇ ಕರೆಯುತ್ತಾರೆಂದೂ ಯಾರೋ ಹೇಳಿದರು. ಕೇಳಿಯೂ ಕೇಳದವನಂತೆ ಇದ್ದೆ.

ಸುಮಾರು ಆರು ವರ್ಷದ ನಂತರ, ಶಾಲೆ ಶುರುವಾಗುವ ಹೊತ್ತಿಗೆ, ಶಮಶಾದ ಮಗಳ ಕೈಹಿಡಿದು ನನ್ನ ಪ್ರೆಸ್ಸಿಗೆ ಬಂದಳು. ಮಹಬೂಬಸಾಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವಳ ಕೊರಳಲ್ಲಿ ಕರಿಮಣಿ ಹಾಗೇ ಇತ್ತು. ಶಾಲೆಯ ಅರ್ಜಿಯನ್ನು ಮೇಜಿನ ಮೇಲೆ ಇಟ್ಟಳು.

“ಮುನ್ನಿ ಅಂದ್ರ ಹೆಸರಲ್ಲ, ಖರೆ ಹೆಸರು ಬರಕೊಂಡು ಬಾ ಅಂತಾರ್ರಿ ಹೆಡ್‌ಮಾಸ್ತರು. ನೀವು ಓದಿ ಹೇಳಿದವರು. ನೀವೇ ಹೇಳ್ರಿ ಸರ, ಇನ್ನೂ ಕಾಯಲೇನು?”

ಇನ್ನು ಮುಚ್ಚಿಡಲಾಗಲಿಲ್ಲ. ಕಾಗದದ ಮೇಲಿದ್ದ ಕಸವನ್ನು, ಗೆಳೆಯ ಹೇಳಿದ್ದನ್ನು, ಅಂದಾಜಿನಿಂದ ಓದುವ ನನ್ನ ಚಟವನ್ನು, ಎಲ್ಲವನ್ನೂ ಹೇಳಿದೆ. “ನಾನೇ ಕಟ್ಟಿ ಹೇಳಿರಬೇಕವ್ವಾ. ನಿನ್ನ ಬಾಳೇ ಹಾಳು ಮಾಡಿಬಿಟ್ಟೆ” ಎನ್ನುವಾಗ ನನಗೆ ಅಳು ಬಂತು.

ಅವಳು ಬೈಯಲಿಲ್ಲ, ಅಳಲಿಲ್ಲ. ಮೇಜಿನ ಮೇಲಿನ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಹಂಗಾದ್ರ ಸರ, ನನ್ನ ಹೊಟ್ಟ್ಯಾಗಿಂದು ನಿಮಗ ಯಾರು ಹೇಳಿದ್ರು?”

ಅವಳು ಅರ್ಜಿಯನ್ನು ಮಡಚಿಕೊಂಡು, ಮಗಳನ್ನು ಕರೆದುಕೊಂಡು ನರೋಣಾದ ಬಸ್ಸಿಗೆ ಹೊರಟುಹೋದಳು. ಆ ಹುಡುಗಿಗೆ ಕೊನೆಗೆ ಏನು ಹೆಸರಿಟ್ಟರು ಎಂದು ಯಾರನ್ನಾದರೂ ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.