ವಾಟ ತಿರುಗಿಸಿದ ಮೇಸ್ತ್ರಿ

ಬೀದಿಯ ಜನಕ್ಕೆಲ್ಲ ಅವನು ವಾಟ ಮೇಸ್ತ್ರಿ. ವಾಟ ಎಂದರೆ ನೀರು ನಿಲ್ಲದೆ ಹರಿದುಹೋಗಲಿ ಎಂದು ನೆಲಕ್ಕೆ ಕೊಡುವ ಇಳಿಜಾರು. ಅವನು ಮಾಡಿದ ಅಂಗಳದಲ್ಲಿ ಒಂದು ಬೊಗಸೆ ನೀರೂ ನಿಂತದ್ದಿಲ್ಲ. ಮೂವತ್ತು ವರ್ಷದಲ್ಲಿ ಆ ಬೀದಿಯ ಅಂಗಳಗಳಿಗೆಲ್ಲ ಸಿಮೆಂಟು ಹಾಕಿ, ನೀರನ್ನು ಗೇಟಿನಾಚೆ ಚರಂಡಿಗೆ ಅಟ್ಟಿದವನು ಅವನೇ. ಅದರ ಜಂಬವೂ ಅವನಿಗೆ ಕಡಿಮೆಯೇನಿರಲಿಲ್ಲ.

ಆ ಜಂಬ ಇಳಿದದ್ದು ಶಾಲೆಯ ಕಿಟಕಿಯ ಹೊರಗೆ. ಶಾಲೆಯ ಅಂಗಳಕ್ಕೆ ಸಿಮೆಂಟು ಹಾಕಲು ಗುತ್ತಿಗೆದಾರ ಅವನನ್ನು ಕರೆಸಿದ್ದ. ಒಳಗೆ ಟೀಚರಮ್ಮ ಕಪ್ಪು ಹಲಗೆಯ ಮೇಲೆ ಜಲಚಕ್ರ ಬರೆಯುತ್ತಿದ್ದರು: ಸಮುದ್ರ, ಆವಿ, ಮೋಡ, ಮಳೆ. ಇದು ಯಾರಿಗೆ ಗೊತ್ತಿಲ್ಲ ಎಂದು ಅವನು ಮೂಗು ಮುರಿಯುವಷ್ಟರಲ್ಲಿ ಆಕೆ ಇನ್ನೊಂದು ಬಾಣ ಎಳೆದರು, ಮಳೆಯಿಂದ ನೇರ ಮಣ್ಣಿನೊಳಕ್ಕೆ. "ಬಾವಿಗೆ ನೀರು ಬರೋದು ಹೀಗೆ," ಎಂದರು. ಕರಣೆ ಹಿಡಿದ ಕೈ ಅಲ್ಲೇ ನಿಂತಿತು.

ಶಾಲೆಯ ಹಿಂದೆಯೇ ಅವನ ಅಕ್ಕನ ಮನೆ, ಇಡೀ ಬೀದಿಗೆ ಇದ್ದ ಒಂದೇ ಬಾವಿ ಅಲ್ಲಿ. ನಾಲ್ಕು ವರ್ಷದಿಂದ ಅದರ ತಳ ಕಾಣುತ್ತಿತ್ತು. ಎಲ್ಲರೂ ಮಳೆಯನ್ನು ಬೈದರು, ಇವನೂ ಬೈದಿದ್ದ. ಮಳೆ ಪಾಪ, ವರ್ಷವರ್ಷವೂ ತಪ್ಪದೆ ಬಂದು, ಇಳಿಯಲು ಅಂಗೈಯಗಲ ಮಣ್ಣೂ ಸಿಗದೆ ಚರಂಡಿಯ ದಾರಿ ಹಿಡಿದಿತ್ತು.

ಮಧ್ಯಾಹ್ನ ಊಟಕ್ಕೆ ಹೋದವನು ಅಕ್ಕನಿಗೆ ವಿಷಯ ಹೇಳಿದ. ಅಕ್ಕನದು ಸುಮ್ಮನಿರುವ ಬಾಯಲ್ಲ.

"ಅಂದ್ರೆ ನಮ್ಮ ಬಾವಿಗೆ ಎಳ್ಳುನೀರು ಬಿಟ್ಟೋನು ನೀನೇನಾ? ನಾನು ಸುಮ್ನೆ ಮೋಡಕ್ಕೆ ಶಾಪ ಹಾಕ್ತಾ ಕೂತಿದ್ದೆ!"

"ಹೌದು ಕಣಕ್ಕ, ನಾನೇ."

"ಬಾಯಲ್ಲಿ ಒಪ್ಪಿಕೊಂಡ್ರೆ ಕೊಡ ತುಂಬುತ್ತಾ?"

ನಾಚಿಕೆಯಿಂದ ಅವನು ಅರ್ಧ ಊಟಕ್ಕೇ ಎದ್ದ. ಕೈ ತೊಳೆಯುವಷ್ಟರಲ್ಲಿ ನಾಚಿಕೆ ಹೋಗಿ ತನ್ನ ಮೇಲೇ ಸಿಟ್ಟು ಬಂದಿತ್ತು. ಸೀದಾ ಶಾಲೆಗೆ ಬಂದವನೇ ಅಂಗಳದ ನಡುವೆ ಗುಂಡಿ ತೋಡಿಸಿ ಜಲ್ಲಿ, ಮರಳು ತುಂಬಿಸಿದ. ಸುತ್ತಲಿನ ವಾಟವನ್ನೆಲ್ಲ ಗೇಟಿಗೆ ಬೆನ್ನು ಮಾಡಿಸಿ ಆ ಗುಂಡಿಯತ್ತ ತಿರುಗಿಸಿದ.

ನಾಲ್ಕನೇ ದಿನ ಗುತ್ತಿಗೆದಾರ ಬಂದು, ಕೆಲಸ ನೋಡಲು ಒಂದು ಬಕೆಟ್ ನೀರು ಸುರಿದ.

"ಏನಯ್ಯಾ ಇದು? ನೀರು ಉಲ್ಟಾ ಹೋಗ್ತಿದೆ!"

"ಉಲ್ಟಾ ಹೋಗ್ತಿದ್ದದ್ದು ಇಷ್ಟು ದಿನ. ಈಗ ಸರಿಯಾಗಿ ಹೋಗ್ತಿದೆ."

"ತಲೆ ಕೆಟ್ಟಿದ್ಯಾ? ಒಡೆದು ಗೇಟಿನ ಕಡೆ ವಾಟ ಕೊಡು. ಇಲ್ಲಾಂದ್ರೆ ಇನ್ಮೇಲೆ ನನ್ನ ಯಾವ ಕೆಲಸಕ್ಕೂ ಬರಬೇಡ."

"ಬರಲ್ಲ ಬಿಡಿ. ಈ ಕೈಯಿಂದ ಇನ್ನೊಂದು ಹನಿನೂ ಚರಂಡಿಗೆ ಹೋಗಲ್ಲ."

ಗುತ್ತಿಗೆದಾರ ಫೋನ್ ಮಾಡಿ ಕುಳ್ಳ ಮೇಸ್ತ್ರಿಯನ್ನು ಕರೆಸಿದ. ಹದಿನೈದು ವರ್ಷ ವಾಟ ಮೇಸ್ತ್ರಿಯ ಕೈಕೆಳಗೆ ಪಳಗಿ, ಈಗ ಸ್ವಂತ ಕೆಲಸ ಹಿಡಿಯುತ್ತಿದ್ದವನು ಅವನು. ದೊಡ್ಡ ಸುತ್ತಿಗೆ ಹೆಗಲಿಗೇರಿಸಿ ಬಂದ. ವಾಟ ಮೇಸ್ತ್ರಿ ಜಲ್ಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ.

"ಹೊಡಿ. ಇಲ್ಲಿಂದಲೇ ಶುರು ಮಾಡು," ಎಂದ.

ಕುಳ್ಳ ಮೇಸ್ತ್ರಿ ನೀರು ಇಂಗಿದ ಜಾಗ ನೋಡಿದ. ಗುರುವಿನ ಮುಖ ನೋಡಿದ. ಸುತ್ತಿಗೆ ಕೆಳಗಿಟ್ಟ.

"ಹೊಡಿಯೋ!" ಎಂದು ಗುತ್ತಿಗೆದಾರ ಅರಚಿದ.

ಕುಳ್ಳ ಅವನತ್ತ ತಿರುಗಲೂ ಇಲ್ಲ.

"ಅಣ್ಣಾ, ಜಲ್ಲಿ ಎಷ್ಟಡಿ ತುಂಬಿಸಿದ್ದೀರಿ? ನಾಳೆ ಮೇಲಿನ ಬೀದೀಲಿ ನಂದೊಂದು ಅಂಗಳ ಇದೆ."