ಹರಳು ತಿಂದ ನೀರು

ಓಣಿಯವರೆಲ್ಲ ಅವಳನ್ನು ಹರಳಮ್ಮ ಎಂದೇ ಕರೆಯುತ್ತಿದ್ದರು. ಶಾಲೆಗಳ ಪ್ರಯೋಗಾಲಯಕ್ಕೆ ಮಾದರಿಗಳನ್ನು ಮಾಡಿಕೊಡುವ ಚಿಕ್ಕ ಕಾರ್ಖಾನೆಯೊಂದರಲ್ಲಿ ಅವಳ ಕೆಲಸ. ಅಲ್ಲಿ ಗಾಜಿನ ಕೊಳವೆ ಊದುವವರಿದ್ದರು, ಮಣ್ಣಿನ ಹೃದಯಕ್ಕೆ ಕೆಂಪು ಬಣ್ಣ ಬಳಿಯುವವರಿದ್ದರು. ಇವಳ ಪಾಲಿಗೆ ಬಂದದ್ದು ಹರಳು ಬೆಳೆಸುವುದು. ಮಗಳು ಹುಟ್ಟಿದ ಮೇಲೆ ಅದೂ ಅರ್ಧ ದಿನಕ್ಕೆ ಇಳಿದಿತ್ತು. ಹಾಗಿರುವಾಗ ಕಾರ್ಖಾನೆಯ ಒಡತಿ, "ಮುಷ್ಟಿಗಾತ್ರದ, ಒಂದು ಗೀರೂ ಇಲ್ಲದ ಪಟಿಕದ ಹರಳು ಯಾರು ತರ್ತಾರೋ ಅವರಿಗೆ ಹರಳಿನ ಕೋಣೆಯ ಉಸ್ತುವಾರಿ" ಎಂದುಬಿಟ್ಟರು. ಅಂದಿನಿಂದ ಅವಳಿಗೆ ಅದೇ ಧ್ಯಾನ.

ಯಂತ್ರಗಳು ಗಡಗಡ ಎನ್ನುವ ಕಡೆ ಹರಳು ಸೊಟ್ಟಗೆ ಬೆಳೆಯುತ್ತದೆ. ಆದ್ದರಿಂದ ಮನೆಯ ಹಿಂದಿನ ಕೋಣೆಯ ಬೀರುವಿನ ಮೇಲೆ ದೊಡ್ಡ ಗಾಜಿನ ಜಾಡಿ ಇಟ್ಟು, ಪಟಿಕದ ನೀರು ತುಂಬಿ, ದಾರದ ತುದಿಗೆ ಸಣ್ಣ ಹರಳೊಂದನ್ನು ಕಟ್ಟಿ ಇಳಿಬಿಟ್ಟಳು. ಮೇಲೆ ತೆಳು ಬಟ್ಟೆ. ಮಗು ಮಲಗಿದಾಗ ಅದರ ಉಸಿರು ನೋಡುವಳು, ಹಾಗೇ ಬಂದು ಜಾಡಿ ನೋಡುವಳು. ಎರಡರ ಚಿಂತೆಯೂ ಒಂದೇ: ಯಾರಾದರೂ ಅಲುಗಾಡಿಸಿದರೆ?

ಮಗಳಿಗೆ ತುತ್ತು ತಿನ್ನಿಸುತ್ತ ಅದೇ ಕಥೆ. "ಮೂರು ನಮೂನೆ ನೀರಿದೆ ಪುಟ್ಟಿ. ಹಸಿದ ನೀರು, ಹಾಕಿದ್ದೆಲ್ಲ ತಿನ್ನುತ್ತೆ. ಹೊಟ್ಟೆ ತುಂಬಿದ ನೀರು, ಇನ್ನೊಂದು ಚಿಟಿಕೆ ಹಾಕಿದ್ರೂ ಬೇಡ ಅಂತ ತಳದಲ್ಲಿ ಬಿಟ್ಟುಬಿಡುತ್ತೆ. ಮೂರನೇದು ಹೊಟ್ಟೆಬಾಕ ನೀರು. ಬಿಸಿ ಮಾಡಿ ಮಾಡಿ ತಿನ್ಸಿ, ಸದ್ದಿಲ್ದೆ ಆರಿಸಿದ್ರೆ ಹೇಗೋ ಹಿಡ್ಕೊಂಡಿರುತ್ತೆ. ಒಂದು ಕಾಳು ಬಿತ್ತೋ, ಎಲ್ಲಾ ಕಕ್ಕಿಬಿಡುತ್ತೆ!"

ಮಗಳಿಗಿಂತ ಹೆಚ್ಚು ಕಿವಿಗೊಡುತ್ತಿದ್ದವನು ಗಂಡ. ಬಸ್ ಕಂಡಕ್ಟರ್, ಮಾತಿನ ಮಲ್ಲ. "ಬಿಸಿ ನೀರೇ ಯಾಕೆ?" ಎಂದು ಕೇಳುವನು. ಬಿಸಿಯಾದರೆ ಪಟಿಕ ಹೆಚ್ಚು ಕರಗುತ್ತದೆ, ಕಲಕಿದರೆ ಬೇಗ ಕರಗುತ್ತದೆ, ಪುಡಿ ಮಾಡಿದರೆ ಇನ್ನೂ ಬೇಗ ಎಂದು ಅವಳು ಸಂಭ್ರಮದಿಂದ ಹೇಳುವಳು. "ನಮ್ಮನೆಯವಳು ಸೈಂಟಿಸ್ಟು" ಎಂದು ಅವನು ಬಸ್ಸಿನ ತುಂಬ ಡಂಗುರ ಸಾರುತ್ತಿದ್ದ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಓಣಿಯ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಹರಳನ್ನು ಒಪ್ಪಿಸಬೇಕಾದ ದಿನ ಬೆಳಿಗ್ಗೆ ಚಳಿ ಗಾಳಿ ಬೀಸುತ್ತಿತ್ತು. ಅವಳು ಬಟ್ಟೆ ಸರಿಸಿ ದಾರ ಎತ್ತಿದಳು. ಮುಷ್ಟಿಯಷ್ಟಿದ್ದ ಹರಳು ನಿಂಬೆಹಣ್ಣಿನಷ್ಟಾಗಿತ್ತು. ಚೂಪಾದ ಅಂಚುಗಳೆಲ್ಲ ಚೀಪಿ ಬಿಟ್ಟ ಪೆಪ್ಪರ್‌ಮಿಂಟಿನ ಹಾಗೆ ನುಣ್ಣಗಾಗಿದ್ದವು.

"ಅತ್ತೆ! ಜಾಡಿ ಮುಟ್ಟಿದ್ರಾ?" ಎಂದು ಕೂಗಿಕೊಂಡಳು.

"ನನ್ನ ಮಂಡಿಗೆ ನೆಲದ ಮೇಲಿಂದ ಏಳೋದೇ ಕಷ್ಟ, ಬೀರು ಹತ್ತಿ ನಿನ್ನ ಹರಳು ಕದೀಲಾ?" ಎಂದರು ಅತ್ತೆ.

ಗಂಡ ಹಲ್ಲುಜ್ಜುತ್ತಲೇ ಬಂದು ಇಣುಕಿದ. "ಅಯ್ಯೋ ಪಾಪ! ನಿನ್ನೆ ಎಂಥಾ ಸೆಕೆ ಇತ್ತು ನೋಡು. ಸೆಕೆಗೆ ಕರಗಿದೆ. ಹೋಗ್ಲಿ ಬಿಡು, ಇನ್ನೊಂದು ಬೆಳೆಸಿದ್ರಾಯ್ತು."

ಅವಳು ಜಾಡಿಯ ತಳ ನೋಡಿದಳು. ಸೆಕೆಗೆ ಕರಗಿದ್ದರೆ ಈ ಚಳಿಗೆ ಕರಗಿದ್ದೆಲ್ಲ ಕಾಳುಕಾಳಾಗಿ ತಳಕ್ಕೆ ಕೂರಬೇಕಿತ್ತು. ತಳ ಕನ್ನಡಿಯಂತೆ ಸ್ವಚ್ಛವಾಗಿತ್ತು. ನೀರು ಆವಿಯಾಗಿ ಇಳಿದಂತೆಲ್ಲ ಗಾಜಿನ ಒಳಗೆ ಉಳಿದಿದ್ದ ಬಿಳಿ ಗೆರೆಯೂ ಮಾಯವಾಗಿತ್ತು. ಒಂದು ಚಿಟಿಕೆ ಪಟಿಕದ ಪುಡಿ ಉದುರಿಸಿ ಚಮಚದಿಂದ ಆಡಿಸಿದಳು. ಕ್ಷಣದಲ್ಲಿ ಪುಡಿ ಇಲ್ಲ. ಇನ್ನೊಂದು ಚಿಟಿಕೆ. ಅದೂ ಇಲ್ಲ. ಹೊಟ್ಟೆ ತುಂಬಿಸಿ ಇಟ್ಟಿದ್ದ ನೀರು ಹಸಿದು ಕೂತಿತ್ತು. ಯಾರೋ ನೀರು ಸುರಿದಿದ್ದರು.

ಸೊಸೆಯ ಮುಖ ನೋಡಿ ಅತ್ತೆಯ ದನಿ ತಗ್ಗಿತು. "ನಿನ್ನೆ ಸಂಜೆ, ನೀನು ಮಗೂನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದಾಗ, ಇವನು ಗಂಟಲುನೋವು ಅಂತ ಒಂದು ಪಾತ್ರೆ ನೀರು ಕಾಯಿಸ್ದ. ಮುಕ್ಕಳಿಸಿದ ಸದ್ದೇ ಕೇಳ್ಲಿಲ್ಲ."

ಅವಳು ಗಂಡನ ಕಡೆ ತಿರುಗಿದಳು. ಅವನ ಬಾಯ್ತುಂಬ ನೊರೆ. ಉಗುಳಿ ಬರಲು ಹೋದವನು ಬಹಳ ಹೊತ್ತು ಬರಲಿಲ್ಲ.

"ಕಾಯಿಸಿದ ನೀರೇ ಹಾಕಿದ್ರಿ, ಅಲ್ವಾ?"

ಅವನು ಟವೆಲಿನಿಂದ ಮುಖ ಒರೆಸುತ್ತಲೇ ಇದ್ದ. "ನೀನು ದಿನವಿಡೀ ಅಲ್ಲೇ ಇದ್ರೆ ಮಗು ಗತಿ ಏನು? ಮೊನ್ನೆ ಜ್ವರ ಬಂದಾಗ ಏನಾಯ್ತು ನೋಡಿದ್ಯಲ್ಲ."

"ಕೆಲಸ ಬೇಡ ಅಂತ ಬಾಯ್ಬಿಟ್ಟು ಹೇಳ್ಬಹುದಿತ್ತಲ್ಲ ರೀ."

"ಹೇಳಿದ್ರೆ ನಾನು ಕೆಟ್ಟವನಾಗ್ತಿದ್ದೆ."

"ಅದಕ್ಕೆ ಸೆಕೆ ಕೆಟ್ಟದ್ದಾಗ್ಲಿ ಅಂದ್ಕೊಂಡ್ರಾ?"

ಜ್ವರದ ಮಾತು ಮಾತ್ರ ಅವಳಿಗೆ ಮುಳ್ಳಿನಂತೆ ನಾಟಿತು. ತಾನಿಲ್ಲದಾಗ ಮಗುವಿಗೆ ಏನಾದರೂ ಆದರೆ ಎಂಬ ಭಯ ಅವಳದೇ. ಎಷ್ಟೋ ಸಲ ಅವನ ತೋಳಿನ ಮೇಲೆ ತಲೆಯಿಟ್ಟು ತಾನೇ ಹೇಳಿಕೊಂಡು ಅತ್ತದ್ದು. ಅವಳ ಪಾಠವನ್ನೂ ಅವಳ ಭಯವನ್ನೂ ಸೇರಿಸಿ ಅವನು ಒಂದೇ ಪಾತ್ರೆಯಲ್ಲಿ ಕಾಯಿಸಿದ್ದ.

ಕಾರ್ಖಾನೆಯಲ್ಲಿ ಒಡತಿ ಆ ನುಣುಪು ಹರಳನ್ನು ಅಂಗೈಯಲ್ಲಿ ಹೊರಳಿಸಿದರು. "ಇದೇನಮ್ಮಾ ಹೀಗಾಯ್ತು?"

ನಿಜ ಹೇಳಿಬಿಡೋಣ ಎಂದುಕೊಂಡಳು. ಗೋಡೆಯ ಪಕ್ಕ ಗಾಜು ಊದುವ ಅಕ್ಕ ನಿಂತಿದ್ದಳು. ದಿನಾ ಹರಳಮ್ಮನ ಗಂಡನ ಬಸ್ಸಿನಲ್ಲೇ ಬರುವವಳು, ಹೆಂಡತಿ ಸೈಂಟಿಸ್ಟು ಎಂಬ ಅವನ ಹೊಗಳಿಕೆಯನ್ನು ದಿನಾ ಕೇಳುವವಳು. ಅವಳೆದುರು ಗಂಡನ ಮಾನ ಕಳೆಯಲು ಮನಸ್ಸಾಗಲಿಲ್ಲ.

"ಸೆಕೆ ಮೇಡಂ. ಸೆಕೆಗೆ ಕರಗ್ತು" ಎಂದಳು ಹರಳಮ್ಮ. ಅವನ ಸುಳ್ಳು ಅವಳ ಬಾಯಿಂದಲೇ ಹೊರಬಿದ್ದಿತ್ತು. ಕೋಣೆಯ ಬೀಗದ ಕೈ ಗಾಜಿನ ಅಕ್ಕನ ಕೈಸೇರಿತು. ಅವಳು ತಂದಿದ್ದ ಹರಳು ಚಿಕ್ಕದು, ಆದರೆ ಅಂಚು ಸರಿಯಾಗಿತ್ತು.

ಸಂಜೆ ಮನೆಯಲ್ಲಿ ಹೊಸ ಪಟಿಕ ಕರಗಿಸಿ, ಆರಿಸಿ, ಉಳಿದ ಹರಳನ್ನೇ ಮತ್ತೆ ಇಳಿಬಿಟ್ಟಳು. ಬೀರುವಿನ ಮೇಲಿಡಲು ಕೈ ಬರಲಿಲ್ಲ. ಅತ್ತೆ ತಮ್ಮ ಮಂಚದ ಕೆಳಗಿನ ಪೆಟ್ಟಿಗೆಯನ್ನು ಕಾಲಿನಿಂದಲೇ ಆಚೆ ತಳ್ಳಿದರು. "ಇಲ್ಲಿಡು. ಬಿಸಿಲೂ ಬರಲ್ಲ, ನನ್ನ ಮಗನೂ ಬರಲ್ಲ."

ಮಗಳು ಜಾಡಿಯ ಮುಂದೆ ಬಗ್ಗಿ ಕೂತು ಕೇಳಿದಳು: "ಈ ನೀರಿಗೆ ಹಸಿವಾ ಅಮ್ಮಾ?"

"ಇಲ್ಲ ಪುಟ್ಟಿ, ಹೊಟ್ಟೆ ತುಂಬಿದೆ. ಇದಕ್ಕೆ ಇನ್ನೊಂದು ಚಿಟಿಕೆ..." ಎನ್ನುತ್ತಿದ್ದಂತೆ ಬಾಗಿಲ ಬಳಿ ಗಂಡ ಚಪ್ಪಲಿ ಬಿಡುವ ಸದ್ದಾಯಿತು.

ಅವಳು ಅರ್ಧಕ್ಕೇ ಮಾತು ನುಂಗಿದಳು. ಮಗಳು "ಆಮೇಲೆ? ಆಮೇಲೆ?" ಎಂದು ಸೆರಗು ಜಗ್ಗುತ್ತಲೇ ಇದ್ದಳು.