ನನ್ನ ಹಲ್ಲು ನೋಡಿ ತಂಗಿಯ ಹಲ್ಲು ತಿದ್ದಿದರು

ನನಗೂ ನನ್ನ ತಂಗಿಗೂ ಹೆಬ್ಬೆರಳು ಚೀಪುವ ಚಟವಿತ್ತು. ಅವಳು ನನಗಿಂತ ಐದು ವರ್ಷ ಚಿಕ್ಕವಳು. ನಾನು ಚೀಪುತ್ತಿದ್ದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಕೂಸು ಸುಮ್ಮಕ ಕುಂತದ, ಇರಲಿ ಬಿಡು" ಅನ್ನುತ್ತಿದ್ದಳಂತೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವು ನೆಟ್ಟಗೆ ಕೆಳಗಿಳಿಯದೆ ಮುಂದಕ್ಕೆ ಚಾಚಿಕೊಂಡವು. ಹತ್ತು ತುಂಬುವ ಹೊತ್ತಿಗೆ, ಎಷ್ಟು ಬಿಗಿಹಿಡಿದರೂ ನನ್ನ ತುಟಿಗಳು ಕೂಡುತ್ತಿರಲಿಲ್ಲ. ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು.

ನಾವಿದ್ದದ್ದು ನಾರಾಯಣಖೇಡದಲ್ಲಿ. ಅಪ್ಪ ನಿಜಾಮನ ಸರ್ಕಾರದ ಕಚೇರಿಯಲ್ಲಿ ಉರ್ದು ಬರೆಯುವ ಕೆಲಸಕ್ಕಿದ್ದ. ಅಪ್ಪನ ತಂಗಿಯನ್ನು ತಾಂಡೂರಿಗೆ ಕೊಟ್ಟಿದ್ದರು. ಆಕೆಯ ಗಂಡ, ನಮ್ಮ ಮಾವ, ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ನೌಕರ. ಅವರಿಗೆ ಮಕ್ಕಳಿರಲಿಲ್ಲ. ಒಂದು ದಸರೆಗೆ ಬಂದ ಅತ್ತೆ, ನನ್ನ ತಂಗಿ ಬೆರಳು ಚೀಪುತ್ತ ಕೂತದ್ದನ್ನು ಬಹಳ ಹೊತ್ತು ನೋಡಿದಳು. ತಂಗಿಗೆ ಆಗಷ್ಟೇ ಮುಂದಿನ ಹೊಸ ಹಲ್ಲು ಮೂಡಿದ್ದವು. ಆಮೇಲೆ ನನ್ನನ್ನು ಕರೆದು, ಗದ್ದ ಹಿಡಿದು, ಬಾಗಿಲ ಬೆಳಕಿಗೆ ನನ್ನ ಮುಖ ತಿರುಗಿಸಿದಳು.

"ವೈನಿ, ಇಲ್ಲಿ ನೋಡ್ರಿ" ಎಂದು ಅವ್ವನನ್ನು ಕರೆದಳು. "ದೊಡ್ಡಾಕಿದು ಆಗಿ ಹೋತು. ಸಣ್ಣಾಕಿದರ ಉಳಸೂಣು. ಸಿಕಂದರಾಬಾದದಾಗ ಹಲ್ಲಿನ ಡಾಕ್ಟರ್ ಇದ್ದಾರ. ರೈಲ್ವೆ ಸಾಹೇಬರ ಮಕ್ಕಳ ಹಲ್ಲಿಗಿ ತಂತಿ ಹಾಕಿ ಸರಿ ಮಾಡ್ಯಾರ. ಈಕಿನ ನನ್ನ ಕೂಡ ಕಳಸ್ರಿ."

ಆಗಿ ಹೋತು. ಸತ್ತವರ ಬಗ್ಗೆ, ಕೆಟ್ಟ ಬೆಳೆಯ ಬಗ್ಗೆ ಆಡುವ ಮಾತು. ನನ್ನ ಗದ್ದ ಇನ್ನೂ ಅತ್ತೆಯ ಕೈಯಲ್ಲೇ ಇತ್ತು.

ತಂಗಿಯನ್ನು ಕಳಿಸಿದರು. ಎತ್ತಿನ ಗಾಡಿಯಲ್ಲಿ ಜಹೀರಾಬಾದು, ಅಲ್ಲಿಂದ ರೈಲು. ನಾನು ಅಲ್ಲಿಯವರೆಗೆ ರೈಲನ್ನು ಕಣ್ಣಿನಿಂದ ಕಂಡವಳಲ್ಲ. ಬಿಟ್ಟುಬಂದ ಅಪ್ಪ, "ಕಿಡಕಿ ಕಡೆ ಕುಂತಾಳ, ಅಳಲೂ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದ. ಅವಳು ಅತ್ತಿದ್ದರೆ ನನಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು. ರಾತ್ರಿ ಅವಳಿಲ್ಲದ ಹಾಸಿಗೆಯಲ್ಲಿ ನಾನು ಬಾಯೊಳಗೆ ಬೆರಳಿಟ್ಟು ನನ್ನ ಹಲ್ಲನ್ನು ಹಿಂದಕ್ಕೆ ಒತ್ತುತ್ತಿದ್ದೆ. ಬೆರಳು ನೋಯುತ್ತಿತ್ತು, ಹಲ್ಲು ಕದಲುತ್ತಿರಲಿಲ್ಲ.

ಬೇಸಿಗೆ ಸೂಟಿಗೆ ಅವಳು ಬಂದಾಗ ಓಣಿಯ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಅವಳ ಬಾಯಲ್ಲಿ ಅಂಗುಳಕ್ಕೆ ಕಚ್ಚಿಕೊಂಡು ಕೂರುವ ಕೆಂಗಂದು ಬಣ್ಣದ ಗಟ್ಟಿ ರಬ್ಬರಿನ ಬಿಲ್ಲೆ, ಅದರಿಂದ ಹೊರಟು ಮುಂದಿನ ಹಲ್ಲುಗಳನ್ನು ತಬ್ಬಿಕೊಂಡ ಸಣ್ಣ ತಂತಿ. ಯಾರು ಕೇಳಿದರೂ ಅವಳು ಬಾಯಿ ತೆರೆದು ತೋರಿಸುತ್ತಿದ್ದಳು. "ಎತ್ತಿಗಿ ಮೂಗುದಾರ ಹಾಕಿದಂಗ ಮಾಡ್ಯಾರಲ್ಲ ನನ್ನ ಕೂಸಿಗಿ" ಎಂದು ಆಯಿ ಅತ್ತಳು. ನನಗೆ ಮಾತ್ರ ಆ ತಂತಿ ಒಡವೆಯ ಹಾಗೆ ಕಂಡಿತು.

ಊಟದ ಹೊತ್ತಿಗೆ ಹೊಟ್ಟೆಕಿಚ್ಚು ಇನ್ನೂ ಹೆಚ್ಚಿತು. ನಮ್ಮದು ಜೋಳದ ಸೀಮೆ. ಅನ್ನ ಎಂದರೆ ಹಬ್ಬ, ಇಲ್ಲವೆ ಜ್ವರ. ತಂತಿ ಬಿಗಿ ಮಾಡಿಸಿಕೊಂಡು ಬಂದ ಹುಡುಗಿಗೆ ಹಲ್ಲು ನೋವು, ರೊಟ್ಟಿ ಅಗಿಯಲಾಗದು. ಹಾಗಾಗಿ ಅವಳ ತಾಟಿಗೆ ಮೆತ್ತನೆಯ ಅನ್ನ, ಮೇಲೆ ತುಪ್ಪ. ಪಕ್ಕದಲ್ಲಿ ನನಗೆ ರೊಟ್ಟಿ, ಪುಂಡಿಪಲ್ಯ.

"ನನ್ನವೂ ಹಲ್ಲು ನೋಯಾಕತ್ಯಾವ" ಅಂದೆ.

"ನಿನಗೇನಾಗ್ಯದ, ಸುಮ್ಮ ಉಣ್ಣು" ಎಂದಳು ಅವ್ವ.

ಒಂದು ಮಧ್ಯಾಹ್ನ ತಂಗಿ ಆ ಬಿಲ್ಲೆಯನ್ನು ತೊಳೆಯಲು ಹೊರತೆಗೆದಳು. "ನನಗ ಒಂದೀಟು ಕೊಡು, ಹಾಕ್ಕೊಂಡು ನೋಡ್ತೀನಿ" ಅಂದೆ. ಅವಳು ಹಿಂದೆ ಮುಂದೆ ನೋಡದೆ ಕೊಟ್ಟಳು. ಬಾಯಿಗೆ ಹಾಕಿಕೊಂಡೆ. ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದಿತು; ತಂತಿ ನನ್ನ ಹಲ್ಲಿನ ಹತ್ತಿರವೂ ಬರಲಿಲ್ಲ, ಒಸಡಿಗೆ ಚುಚ್ಚಿತು. "ಅದು ನನ್ನ ಬಾಯಿ ಅಚ್ಚು ತೊಗೊಂಡು ಮಾಡ್ಯಾರಕ್ಕ" ಎಂದಳು ತಂಗಿ ಮೆಲ್ಲಗೆ. ಅವಳ ಲಂಗ ನಾನು ಹಿಂದೆ ಉಟ್ಟದ್ದು, ಅವಳ ಬಳೆ ನನ್ನ ಕೈಯಿಂದ ಇಳಿದದ್ದು. ಮೊದಲ ಸಲ ಅವಳ ಬಳಿ ನನಗಾಗದ ವಸ್ತುವೊಂದು ಇತ್ತು.

ಅವಳು ಮರಳಿ ಹೊರಟ ದಿನ ನಾನು ಗಾಡಿಯ ಮುಂದೆ ಕೂತುಬಿಟ್ಟೆ. ನನ್ನನ್ನೂ ಕರೆದುಕೊಂಡು ಹೋಗದಿದ್ದರೆ ಏಳುವುದಿಲ್ಲ ಎಂದೆ. ಅಪ್ಪ ಸಿಟ್ಟಾದ. ಅವಳನ್ನು ಕರೆದೊಯ್ಯಲು ಬಂದಿದ್ದ ಅತ್ತೆ ಮಾತ್ರ, "ಇರಲಿ ಬಿಡೋ ಅಣ್ಣ, ಡಾಕ್ಟರ್ ಒಂದ್ಸಲ ಈಕಿದೂ ನೋಡಲಿ" ಎಂದು ನನ್ನನ್ನು ಹತ್ತಿಸಿಕೊಂಡಳು. ಹೀಗೆ ನಾನೂ ಜಹೀರಾಬಾದಿನಲ್ಲಿ ರೈಲು ಹತ್ತಿದೆ. ತಾಂಡೂರು ತಲುಪುವವರೆಗೂ ಕಿಟಕಿಯ ಪಕ್ಕ ಬಿಡಲಿಲ್ಲ. ತಂಗಿ ಕೇಳಲೂ ಇಲ್ಲ; ಅವಳಿಗೆ ಅದು ರೂಢಿಯಾಗಿತ್ತು.

ಸಿಕಂದರಾಬಾದಿನ ಹಲ್ಲಿನ ಡಾಕ್ಟರ ಕೋಣೆಯಲ್ಲಿ ಲವಂಗದೆಣ್ಣೆಯ ವಾಸನೆ. ಡಾಕ್ಟರು ಉರ್ದುವಿನಲ್ಲಿ ಮಾತಾಡುತ್ತಿದ್ದರು, ಜೊತೆಗೆ ಬಂದಿದ್ದ ಮಾವ ನಮಗೆ ತಿಳಿಸಿ ಹೇಳುತ್ತಿದ್ದ. ತಂಗಿಯನ್ನು ಕಂಡ ಕೂಡಲೇ ಅವರು ಹೆಸರು ಹಿಡಿದು ಕರೆದು, ಗಲ್ಲ ತಟ್ಟಿ, ತಂತಿಯನ್ನು ಇಷ್ಟೇ ಇಷ್ಟು ಬಿಗಿ ಮಾಡಿದರು. "ಚೊಲೋ ಹೊತ್ತಿನಾಗ ತಂದೀರಿ ಅಂತಾರ. ಎಲುವು ಇನ್ನೂ ಎಳೇದು ಇದ್ದಾಗ ಹೇಳಿದಂಗ ಕೇಳ್ತದಂತ" ಎಂದ ಮಾವ. ಆಮೇಲೆ ನನ್ನ ಸರದಿ. ಡಾಕ್ಟರು ಸಣ್ಣ ಕನ್ನಡಿ ಹಾಕಿ ಮೇಲೆ ಕೆಳಗೆ ನೋಡಿದರು, ನನ್ನ ವಯಸ್ಸು ಕೇಳಿದರು, ಮಾವನಿಗೆ ಏನೋ ಹೇಳಿದರು. ಮಾವ ನನ್ನ ಕಡೆ ಒಮ್ಮೆ ನೋಡಿದ.

"ಏನಂತಾರ್ರಿ?" ಎಂದಳು ಅತ್ತೆ.

"ಈಕಿನ ಮೊದಲ ಯಾಕ ತರಲಿಲ್ಲ ಅಂತಾರ. ಈಗೂ ಆಗ್ತದಂತ. ಆದರ ಮ್ಯಾಲಿಂದು ಎರಡು ಹಲ್ಲು ಕೀಳಬೇಕು. ಎರಡು ಮೂರು ವರ್ಷ ಬಿಡದಂಗ ಬರಬೇಕು."

ಆಗಿ ಹೋಗಿಲ್ಲ! ನಾನು ಕುರ್ಚಿಯಿಂದ ಹಾರಿಯೇ ಇಳಿದೆ. ತಾಂಡೂರಿಗೆ ಮರಳುವ ದಾರಿಯುದ್ದಕ್ಕೂ ತಂಗಿಯ ಕೈ ಹಿಡಿದೇ ಕೂತಿದ್ದೆ. ನಾನು ಅವಳನ್ನು ಕಂಡು ಕರುಬದೆ ಕಳೆದ ದಿನ ಅದೊಂದೇ ಇರಬೇಕು.

ತಂಗಿಯೊಂದಿಗೆ ನನ್ನನ್ನು ಬಿಡಲು ಬಂದ ಅತ್ತೆ ನಾರಾಯಣಖೇಡದ ಮನೆಯಲ್ಲಿ ಮಾತು ತೆಗೆದಳು. ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಇಂದಿಲ್ಲ ನಾಳಿ ಲಗ್ನ ಮಾಡೂ ಹುಡುಗಿ. ಇದ್ದ ಹಲ್ಲು ಕೀಳಿಸಿ, ಬಾಯಾಗ ತಂತಿ ಹಾಕಿ, ಯಾರಿಗಿ ತೋರಸ್ತೀರಿ?" ಅಪ್ಪ ಎದ್ದು ಹೊರಗೆ ಹೋದ. ಅವ್ವ ನನ್ನನ್ನು ನೋಡಿದಳು, ಆಯಿ ಕೆಳಗಿಟ್ಟ ಮೊರ ಎತ್ತಿಕೊಂಡು ಒಳಗೆ ಹೋದಳು. ಅತ್ತೆ ಇನ್ನೂ ಒಂದೆರಡು ಸಲ ಹೇಳಿನೋಡಿ, ತಂಗಿಯನ್ನಷ್ಟೇ ಕರೆದುಕೊಂಡು ಹೋದಳು. ಈ ಸಲ ನಾನು ಗಾಡಿಯ ಮುಂದೆ ಕೂರಲಿಲ್ಲ. ಹಿತ್ತಲಿಗೆ ಹೋಗಿ ನಿಂತಿದ್ದೆ.

ನನ್ನನ್ನು ಹತ್ತಿರದ ಕಂಗ್ಟಿ ಎಂಬ ಊರಿಗೆ ಕೊಟ್ಟರು. ನೋಡಲು ಬಂದವರ ಮುಂದೆ ತುಟಿ ಬಿಗಿಹಿಡಿದು ಕೂತಿದ್ದೆ. ಹುಡುಗಿ ಬಹಳ ಗಂಭೀರ ಎಂದು ಮೆಚ್ಚಿಕೊಂಡರಂತೆ. ಮದುವೆಯಲ್ಲಿ ಆರತಿ ಹಿಡಿದು ನಿಂತ ತಂಗಿ ನಕ್ಕಾಗ, ಬೀಗರ ಕಡೆಯ ಹೆಂಗಸೊಬ್ಬಳು ನನ್ನ ಹಿಂದೆಯೇ, "ಆ ಹುಡುಗಿ ನಗು ನೋಡು, ಮುತ್ತು ಪೋಣಿಸಿದಂಗ" ಎಂದಳು. ಬಾಸಿಂಗದ ಕೆಳಗೆ ನನ್ನ ಕಣ್ಣು ತುಂಬಿತು. ತವರು ಬಿಡುವ ದುಃಖ ಎಂದುಕೊಂಡ ಅವ್ವ ನನ್ನ ಬೆನ್ನು ಸವರಿದಳು.

ಗಂಡ ಒಳ್ಳೆಯವನು. ಹಲ್ಲಿನ ಮಾತು ಒಂದು ದಿನವೂ ಎತ್ತಲಿಲ್ಲ. ಆದರೆ ಒಂದು ಮಳೆಗಾಲದಲ್ಲಿ ಬಾವಿಯ ಕಟ್ಟೆಯ ಮೇಲೆ ಕಾಲು ಜಾರಿ ಬಿದ್ದೆ. ಮುಖಕ್ಕಿಂತ ಮೊದಲು ಕಲ್ಲಿಗೆ ಬಡಿದದ್ದು ಆ ಹಲ್ಲುಗಳೇ. ಮುಂದಿನದೊಂದು ಅರ್ಧಕ್ಕೆ ಮುರಿಯಿತು. ಹೊರಗೆ ಚಾಚಿದ ಹಲ್ಲಿಗೆ ಪೆಟ್ಟು ಬೇಗ ತಾಗುತ್ತದೆ ಎಂದು ಡಾಕ್ಟರು ಅಂದೇ ಹೇಳಿದ್ದರಂತೆ. ನನಗೆ ಬೇಸರವಾದೀತೆಂದು ಮಾವ ಆ ಮಾತನ್ನು ನನ್ನವರೆಗೆ ತಂದಿರಲಿಲ್ಲ. ನೋಡಲು ಬಂದ ತಂಗಿ ನನ್ನ ಬಾಯಿ ಕಂಡು ಅತ್ತಳು. ಅಳುವಾಗಲೂ ಅವಳ ಹಲ್ಲು ಚಂದ ಕಾಣುತ್ತಿದ್ದವು. ಅದನ್ನು ಗಮನಿಸದಿರಲು ನನ್ನಿಂದ ಆಗಲಿಲ್ಲ.

ನನ್ನ ಮಗಳಿಗೂ ಬೆರಳು ಚೀಪುವ ಚಟ ಬಂತು. ಗಂಡನ ಮನೆಯಲ್ಲಿ, "ಹೆಣ್ಣುಕೂಸು, ಬೆಳೆದಂಗ ತಾನೇ ಬಿಡ್ತದ" ಅಂದರು. ನಾನು ಕೇಳಲಿಲ್ಲ. ಆಗಿನ್ನೂ ನಿಜಾಮನ ಆಳ್ವಿಕೆ. ಊರೂರಲ್ಲಿ ಗಲಾಟೆಯ ಸುದ್ದಿ ಶುರುವಾಗಿತ್ತು, ಹೆಂಗಸರು ದೂರ ಹೋಗಬಾರದು ಎನ್ನುತ್ತಿದ್ದರು. "ಈಗ ಒಯ್ಯಲಿಲ್ಲಂದರ ಮುಂದ ಒಯ್ದು ಉಪಯೋಗಿಲ್ಲ" ಎಂದು ಗಂಡನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ ಗಾಡಿ ಹೂಡಿಸಿದ. ಹಾಲುಹಲ್ಲು ಆಗಷ್ಟೇ ಅಲುಗಾಡುತ್ತಿದ್ದ ಮಗಳನ್ನು ಕರೆದುಕೊಂಡು ನಾನು, ತಂಗಿ ಸಿಕಂದರಾಬಾದಿಗೆ ಹೋದೆವು.

ಅದೇ ಡಾಕ್ಟರು, ಕೂದಲು ನರೆತಿತ್ತು. ಮಗಳ ಬಾಯಿ ನೋಡಿ ನಕ್ಕರು. ಅಷ್ಟು ಹೊತ್ತಿಗೆ ನನಗೂ ಉರ್ದು ತಿಳಿಯುತ್ತಿತ್ತು. ತಂತಿಯೂ ಬೇಡ, ಹಲ್ಲು ಕೀಳುವುದೂ ಬೇಡ ಎಂದರು. ಬೆರಳು ಬಿಡಿಸಿದರೆ ಸಾಕು, ಹೊಸ ಹಲ್ಲು ಬರುವಾಗ ತಂದು ತೋರಿಸುತ್ತಿರಿ, ವಾರೆಯಾಗಿ ಬಂದರೆ ಆಗಲೇ ತಿದ್ದೋಣ ಎಂದರು. ನೋವಿಲ್ಲ, ಅಳುವಿಲ್ಲ. ಮಗಳು ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತ ಕೂತಿದ್ದಳು.

ಹೊರಗೆ ಬಂದಾಗ ನನ್ನ ಎದೆ ಹಗುರಾಗಿತ್ತು. ಜೊತೆಗೆ ಏನೋ ಚುರುಗುಟ್ಟುತ್ತಲೂ ಇತ್ತು. ತಂಗಿ ನನ್ನನ್ನೇ ನೋಡುತ್ತಿದ್ದಳು.

"ಅಕ್ಕ, ಇಷ್ಟು ದಿನ ನನ್ನ ಮ್ಯಾಲ ಇತ್ತು. ಈಗ ಈಕಿ ಮ್ಯಾಲೂ ಬಂತೇನು ಹೊಟ್ಟೆಕಿಚ್ಚು?"

"ನಿನಗ ಗೊತ್ತಿತ್ತೇನು?"

"ಒಂದೇ ಹಾಸಿಗ್ಯಾಗ ಮಲಗಿದಾಕಿ ನಾ. ಗೊತ್ತಾಗಲ್ಲೇನು?"

"ಬಂತು" ಎಂದೆ. "ನನ್ನ ಹೊಟ್ಟಿಲೆ ಹುಟ್ಟಿದಾಕಿ ಮ್ಯಾಲೂ ಬಂತು ನೋಡು."

ತಂಗಿ ನನ್ನ ಮಗಳನ್ನು ಸೊಂಟಕ್ಕೆತ್ತಿಕೊಂಡಳು. ರೈಲಿಗೆ ಹೊತ್ತಾಗಿತ್ತು; ಇಬ್ಬರೂ ಬೇಗ ಬೇಗ ಸ್ಟೇಷನ್ನಿನ ಕಡೆ ನಡೆದೆವು.